ಅಪ್ಪನ ಕಚ್ಚು

ನಮ್ಮ ಪಿಸ್ತೂಲನ್ನು ನಕಲಿ ಎನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ನಕಲಿಯೇ ಅದು. ಅಮೆರಿಕದವರ ನಲವತ್ತೈದು ಎಂಬ ಪಿಸ್ತೂಲು ಹೇಗಿದೆಯೋ ನಮ್ಮದೂ ಹಾಗೆಯೇ ಇದೆ. ಅದೇ ತೂಕ, ಅದೇ ಗುಂಡು, ಅದೇ ಸದ್ದು. ಬೆಲೆ ಮಾತ್ರ ಐದರಲ್ಲಿ ಒಂದು ಪಾಲು. ನನಗೆ ಮೈ ಉರಿಯುವುದು, ಎದುರಿಗೆ ಮೂಗು ಮುರಿದು ಹಿತ್ತಿಲ ಬಾಗಿಲಿನಿಂದ ಬಂದು "ನನಗೂ ಒಂದಿರಲಿ" ಎನ್ನುವವರನ್ನು ಕಂಡರೆ. ಸೆಬು ದ್ವೀಪದ ದನಾವೊದಲ್ಲಿ ಹುಟ್ಟಿ ಬೆಳೆದ ನಾನು ಅಂಥವರನ್ನು ಬೇಕಾದಷ್ಟು ಕಂಡಿದ್ದೇನೆ. ವಕೀಲರು, ಕೋಳಿ ಅಂಕದ ಯಜಮಾನರು, ಒಬ್ಬ ಹಲ್ಲಿನ ಡಾಕ್ಟರು. ಹಲ್ಲಿನ ಡಾಕ್ಟರಿಗೆ ಪಿಸ್ತೂಲು ಏಕೆ ಎಂದು ಕೇಳಿದ್ದಕ್ಕೆ ಅಪ್ಪ ನನ್ನ ತಲೆಗೆ ಮೊಟಕಿದ್ದರು.

ನನ್ನ ಹೆಸರು ಲಿಯೊನ್ಸಿಯಾ. ಊರಿನವರಿಗೆ ನಾಂಗ್ ಓನ್ಸಿಂಗ್, ಅಂದರೆ ಓನ್ಸಿಂಗಕ್ಕ. ಅರ ಹಿಡಿದು ಕಬ್ಬಿಣ ಉಜ್ಜುವುದು ನನ್ನ ಕಸುಬು. ಒಂಬತ್ತನೇ ವಯಸ್ಸಿಗೆ ಹಿಡಿದ ಅರವನ್ನು ನಲವತ್ತಾರು ದಾಟಿದರೂ ಕೆಳಗಿಟ್ಟಿರಲಿಲ್ಲ. ನನ್ನ ತಮ್ಮ ಸೊತೆರೊ, ಮನೆಯಲ್ಲಿ ತೆರೊ, ನನಗಿಂತ ಐದು ವರ್ಷ ಚಿಕ್ಕವನು. ಕೆಲಸದಲ್ಲಿ ನನಗಿಂತ ಒಂದು ಕೈ ಮೇಲು. ಇದನ್ನು ಅವನೆದುರು ನಾನು ಎಂದೂ ಹೇಳಿಲ್ಲ, ಹೇಳುವುದೂ ಇಲ್ಲ.

ಅಪ್ಪ ಕ್ರಿಸ್ಪುಲೊ ತಮ್ಮ ಮೊದಲ ನಲವತ್ತೈದನ್ನು ಮಾಡಿದ್ದು, ಹಡಗಿನ ಕಾವಲುಗಾರನೊಬ್ಬ ರಿಪೇರಿಗೆ ಕೊಟ್ಟು ಮರಳಿ ಬಾರದೆ ಹೋದ ಪಿಸ್ತೂಲನ್ನು ನೋಡಿಕೊಂಡು. ಅದನ್ನು ಬಿಚ್ಚಿ, ಒಂದೊಂದು ತುಂಡನ್ನೂ ಬಾಳೆಲೆಯ ಮೇಲಿಟ್ಟು, ಕಂಡದ್ದನ್ನು ಕಂಡ ಹಾಗೆ ಮಾಡಿದರು. ಹಿಡಿಯ ಮರದ ಹಲಗೆಯ ಅಡಿ, ಯಾರ ಕಣ್ಣಿಗೂ ಬೀಳದ ಕಡೆ, ಅಕ್ಕಿಕಾಳಿನಷ್ಟು ಉದ್ದದ ಒಂದು ಕಚ್ಚಿತ್ತು. ಏಕಿದೆ ಎಂದು ಅಪ್ಪನಿಗೆ ಗೊತ್ತಾಗಲಿಲ್ಲ. ಅಮೆರಿಕದವರು ಸುಮ್ಮನೆ ಮಾಡುತ್ತಾರೆಯೇ ಎಂದುಕೊಂಡು ತಮ್ಮದಕ್ಕೂ ಅದನ್ನು ಹಾಕಿದರು. ಮುಂದೆ ಮಾಡಿದ ಪ್ರತಿಯೊಂದಕ್ಕೂ ಹಾಕಿದರು. ಹದಿನಾಲ್ಕು ವರ್ಷ ಕಳೆದ ಮೇಲೆ ಇನ್ನೊಂದು ಅಸಲಿ ಪಿಸ್ತೂಲು ರಿಪೇರಿಗೆ ಬಂತು. ಅದರಲ್ಲಿ ಕಚ್ಚೇ ಇಲ್ಲ. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಪಾಪ, ಇದಕ್ಕೆ ಹಾಕುವುದನ್ನು ಮರೆತುಬಿಟ್ಟಿದ್ದಾರೆ ಎಂದರು. ಮಾಲೀಕನಿಗೆ ವಾಪಸು ಕೊಡುವ ಮೊದಲು ಅದಕ್ಕೂ ಒಂದು ಕಚ್ಚು ಹಾಕಿದರು. ಅದಕ್ಕೆ ಕೂಲಿ ತೆಗೆದುಕೊಳ್ಳಲಿಲ್ಲ.

ಆ ಹೊತ್ತಿಗೆ, ಲೈಸೆನ್ಸಿಲ್ಲದೆ ಕದ್ದು ಪಿಸ್ತೂಲು ಮಾಡುವ ನಮ್ಮ ಬೆಟ್ಟದ ಮೇಲಿನ ಅರ್ಧ ಮನೆಗಳು ಅಪ್ಪನ ಬಳಿ ಕೆಲಸ ಕಲಿತಿದ್ದವು. ಎಲ್ಲರ ಪಿಸ್ತೂಲಿನಲ್ಲೂ ಕಚ್ಚು. ಪೊಲೀಸರಿಗೂ ಗೊತ್ತಾಯಿತು. ಎಲ್ಲೇ ಪಿಸ್ತೂಲು ಸಿಕ್ಕಲಿ, ಹಲಗೆ ಬಿಚ್ಚಿ ನೋಡುವುದು, ಕಚ್ಚಿದ್ದರೆ ದನಾವೊದ ಬೆಟ್ಟದ ಮಾಲು ಎಂದು ಬರೆದುಕೊಳ್ಳುವುದು. ನಾವು ಹೆಸರು ಕೊರೆಯದಿದ್ದರೂ ಅಪ್ಪ ಸಹಿ ಹಾಕಿಸಿಬಿಟ್ಟಿದ್ದರು. ಇಷ್ಟಾದರೂ ಯಾರೂ ಬಿಡಲಿಲ್ಲ. ಬಿಡಬೇಕು ಎಂದರೆ ಕೈ ಕೇಳಬೇಕಲ್ಲ. ಕೊನೆಯ ಕೆಲಸ ಅದೇ. ಕಚ್ಚು ಹಾಕಿದ ಮೇಲೆಯೇ ಕೈಗೆ ಮುಗಿಯಿತು ಅನ್ನಿಸುವುದು. ನಾನು ಬಲಗೈಯವಳು, ನನ್ನ ಕಚ್ಚು ಬಲಕ್ಕೆ ವಾಲುತ್ತದೆ. ತೆರೊ ಎಡಚ, ಅವನದು ಎಡಕ್ಕೆ.

ಈಗ ಹೇಳಲು ನಾಚಿಕೆಯಾಗುವುದನ್ನೂ ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ, ಕೆಳಗೆ ಊರಿನಲ್ಲಿ ಒಬ್ಬ ಸಿಕ್ಕಿಬಿದ್ದ. ಅವನ ಸೊಂಟದಲ್ಲಿದ್ದ ಪಿಸ್ತೂಲು ನಮ್ಮ ಮನೆಯದು ಎಂದು ಬಾಯಿಬಿಟ್ಟ. ಪೊಲೀಸರು ಬೆಳಿಗ್ಗೆ ನಾವು ಜೋಳದ ಅನ್ನ ಉಣ್ಣುತ್ತಿರುವಾಗಲೇ ಬಂದು ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಯಾರ ಕೆಲಸ ಎಂದು ಕೇಳಿದರು. ಹಲಗೆ ಬಿಚ್ಚಿತ್ತು. ಕಚ್ಚು ಬಲಕ್ಕೆ ವಾಲಿತ್ತು. ನನ್ನ ಮಡಿಲಲ್ಲಿ ಎಂಟು ತಿಂಗಳ ಮಗು ಲಿರಿಯೊ ಮೊಲೆ ಕುಡಿಯುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ತೆರೊ ಎದ್ದು, ನನ್ನದು ಎಂದ. ಎಡಗೈಯಲ್ಲಿ ಚಮಚ ಹಿಡಿದುಕೊಂಡೇ ಹೇಳಿದ. ಅವನು ಎಡಚ ಎಂದು ಪೊಲೀಸರು ನೋಡಲಿಲ್ಲ, ಕೋರ್ಟಿನಲ್ಲೂ ಯಾರೂ ನೋಡಲಿಲ್ಲ. ಆರು ವರ್ಷ ಶಿಕ್ಷೆಯಾಯಿತು. ನಾನು ಬಾಯಿ ಮುಚ್ಚಿಕೊಂಡು ಮಗುವಿಗೆ ಹಾಲು ಕುಡಿಸಿದೆ.

ಅದೇ ತಿಂಗಳು ನಾನು ಬೆಟ್ಟ ಇಳಿದೆ. ಕೆಳಗೆ ಹೆದ್ದಾರಿಯ ಪಕ್ಕ ಲೈಸೆನ್ಸು ಇರುವ ಸಹಕಾರ ಸಂಘದ ಕಾರ್ಖಾನೆ ಶುರುವಾಗಿತ್ತು. ಪ್ರತಿ ಪಿಸ್ತೂಲಿಗೂ ನಂಬರು, ಪ್ರತಿ ನಂಬರಿಗೂ ರಿಜಿಸ್ಟರಿನಲ್ಲಿ ಒಂದು ಸಾಲು. ಸಂಘದ ಮ್ಯಾನೇಜರು ನೊಂಗ್ ತಿಕ್ಯೊ, ತಿಕ್ಯೊ ಅಣ್ಣ ಎನ್ನಿ, ಒಳ್ಳೆಯ ಮನುಷ್ಯ. ಚಿಂತೆ ಮಾಡಿ ಮಾಡಿಯೇ ತಲೆ ಬೋಳಾಗಿತ್ತು. ಅವರ ಮೊದಲ ಕಟ್ಟಳೆಯೇ ಕಚ್ಚು ಹಾಕಕೂಡದು ಎಂಬುದು. ಬೆಟ್ಟದ ಮಾಲೂ ಇಲ್ಲಿನ ಮಾಲೂ ಬೇರೆ ಎಂದು ಪೊಲೀಸರಿಗೆ ಕಾಣಬೇಕು, ಕಚ್ಚು ಸಿಕ್ಕಿದರೆ ಹಾಕಿದವರು ಆ ದಿನವೇ ಮನೆಗೆ. ನನ್ನ ಕೈ ಅದನ್ನು ಮರೆಯಲು ಒಂದು ವರ್ಷ ಹಿಡಿಯಿತು. ಮೊದಲ ಮೂರು ತಿಂಗಳು ಆ ಜಾಗಕ್ಕೆ ಬಂದಾಗಲೆಲ್ಲ ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದೆ. ಪಕ್ಕದವರು ಸುಟ್ಟುಕೊಂಡಿಯಾ ಎಂದು ಕೇಳುತ್ತಿದ್ದರು.

ಕಾರ್ಖಾನೆಯಲ್ಲಿ ಸಾಲಾಗಿ, ಕಬ್ಬಿಣವನ್ನು ಬಿಗಿದು ಹಿಡಿಯುವ ಏಳು ವೈಸುಗಳು. ಕೊನೆಯದು ಕಿಟಕಿಯ ಬಳಿ, ಗೋಡೆಯ ಮೂಲೆಯಲ್ಲಿ. ಬಲಗೈಯವರಿಗೆ ಅದು ಶನಿ. ಮೊಳಕೈ ಗೋಡೆಗೆ ಬಡಿಯುತ್ತದೆ, ತನ್ನ ನೆರಳು ತನ್ನ ಕೆಲಸದ ಮೇಲೇ ಬೀಳುತ್ತದೆ. ಎಡಚನಿಗೆ ಅದು ಸ್ವರ್ಗ. ನಾನು ಅದನ್ನೇ ಕೇಳಿ ತೆಗೆದುಕೊಂಡೆ. ಇದು ನನ್ನ ತಮ್ಮನ ಜಾಗ, ಅವನು ಬರುವವರೆಗೆ ನಾನು ಕೂತಿರುತ್ತೇನೆ ಎಂದೆ. ನೊಂಗ್ ತಿಕ್ಯೊ ಕನಿಕರದಿಂದ ನಕ್ಕರು. ಜೈಲಿಗೆ ಹೋದವನಿಗೆ ಪಿಸ್ತೂಲು ಕಾರ್ಖಾನೆಯಲ್ಲಿ ಕೆಲಸ ಯಾರು ಕೊಡುತ್ತಾರೆ ಎಂದು ಉಳಿದವರು ಬಾಯಿಬಿಟ್ಟೇ ನಕ್ಕರು. ನಗಲಿ. ಆರು ವರ್ಷ ಆ ಮೂಲೆಯಲ್ಲಿ ಎಡಗೈಯಲ್ಲಿ ಅರ ಹಿಡಿದು ಉಜ್ಜಿದೆ. ಮೊದಲು ಭುಜ ಹಿಡಿದುಕೊಂಡಿತು, ಆಮೇಲೆ ಒಗ್ಗಿತು. ವರ್ಷಕ್ಕೆ ಎರಡು ಸಲ ನೊಂಗ್ ತಿಕ್ಯೊ ಅವರ ಹಿಂದೆ ಬಿದ್ದು ಪೊಲೀಸ್ ಕಚೇರಿಗೆ ಅರ್ಜಿ ಹಾಕಿಸಿದೆ. ನೀನು ಜಿಗಣೆ ಕಣಮ್ಮ ಎಂದು ಅವರು ಬೈದರು. ಹೌದು ಎಂದೆ.

ಕೊನೆಗೆ ಅನುಮತಿ ಸಿಕ್ಕಿತು. ಸೊತೆರೊ ಆರು ತಿಂಗಳು ಪರೀಕ್ಷೆಯ ಮೇಲೆ ಕೆಲಸ ಮಾಡಬಹುದು. ಒಂದು ತಪ್ಪಾದರೂ ಅನುಮತಿ ರದ್ದು, ಮತ್ತೆ ಅರ್ಜಿ ಹಾಕುವ ಹಾಗಿಲ್ಲ.

ತೆರೊ ಬಂದ. ಮೂವತ್ತೈದಕ್ಕೆ ಹೋದವನು ನಲವತ್ತೊಂದಕ್ಕೆ ಬಂದ. ಗಂಟಲಿನ ಮೂಳೆ ಎದ್ದು ಕಾಣುತ್ತಿತ್ತು. ಏಳನೆಯ ವೈಸಿನ ಮುಂದೆ ನಿಂತು ಅದರ ಹಿಡಿಯನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದ. ನಾನು ಪಕ್ಕದ ಆರನೆಯದಕ್ಕೆ ಸರಿದೆ. ನೀನು ಎಡಗೈಯಲ್ಲಿ ಉಜ್ಜುತ್ತೀಯಂತೆ, ಊರೆಲ್ಲ ಆಡಿಕೊಳ್ಳುತ್ತಿದೆ ಎಂದು ಚುಡಾಯಿಸಿದ. ನಿನಗಿಂತ ಚೆನ್ನಾಗಿಯೇ ಉಜ್ಜುತ್ತೇನೆ ಎಂದು ಸುಳ್ಳು ಹೇಳಿದೆ. ಆರು ವರ್ಷದ ಮೇಲೆ ಅವನು ಪಕ್ಕದಲ್ಲಿ ನಿಂತು ಕೆಲಸ ಮಾಡುವ ಸದ್ದು ಕೇಳಿದಾಗ ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಿಗೆ ಕಬ್ಬಿಣದ ಪುಡಿ ಬಿತ್ತು ಎಂದು ಹೊರಗೆ ಹೋಗಿ ಮುಖ ತೊಳೆದು ಬಂದೆ.

ಒಂದೇ ಭಯವಿತ್ತು. ಬೆಟ್ಟದ ಮಾಲನ್ನು ಕೊಂಡು ಸಾಗಿಸುವ ಬಾದೊಂಗ್ ಎಂಬುವನಿದ್ದ. ತೆರೊ ಬಿಡುಗಡೆಯಾದ ವಾರಕ್ಕೇ ಅವನ ಮೋಟಾರ್ ಸೈಕಲ್ ನಮ್ಮ ಬೀದಿಯಲ್ಲಿ ಓಡಾಡತೊಡಗಿತು. ಇಲ್ಲಿ ಕೊಡುವುದರ ಮೂರು ಪಟ್ಟು ಕೊಡುತ್ತೇನೆ ಎನ್ನುತ್ತಿದ್ದ. ಕಾರ್ಖಾನೆ ಬಿಟ್ಟರೆ ಜೈಲಿನಿಂದ ಬಂದವನನ್ನು ಇನ್ನು ಯಾರು ಕರೆದು ಕೆಲಸ ಕೊಡುತ್ತಾರೆ? ಈ ಬೆಂಚು ತಪ್ಪಿದರೆ ಬೆಟ್ಟ, ಬೆಟ್ಟ ಹತ್ತಿದರೆ ಮತ್ತೆ ಜೈಲು. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನನ್ನು ಆ ಬೆಂಚಿನಿಂದ ಯಾರಿಗೂ ಎಬ್ಬಿಸಲು ಬಿಡುವುದಿಲ್ಲ ಎಂದು ನಾನು ಕಾರ್ಖಾನೆಯ ಗೋಡೆಯ ಮೇಲಿದ್ದ ಬಾಲ ಯೇಸುವಿನ ಮುಂದೆ ಆಣೆ ಮಾಡಿದ್ದೆ.

ನಾಲ್ಕನೆಯ ತಿಂಗಳಿನಲ್ಲಿ ಒಂದು ದೊಡ್ಡ ಆರ್ಡರಿನ ಮಾತು ಬಂತು. ಸೆಬು ಪಟ್ಟಣದ ಒಂದು ಸೆಕ್ಯುರಿಟಿ ಕಂಪನಿಗೆ ನೂರ ಇಪ್ಪತ್ತು ಪಿಸ್ತೂಲು ಬೇಕಾಗಿತ್ತು. ಪರೀಕ್ಷೆಗೆ ಅವರು ಕಳಿಸಿದ್ದು ಸೇನೆಯಿಂದ ನಿವೃತ್ತರಾದ ಸಾರ್ಜೆಂಟ್ ಇಲಾಯಾ ಅವರನ್ನು. ಕುಳ್ಳಗಿನ, ಮಾತು ಕಡಿಮೆಯ, ಎಲ್ಲವನ್ನೂ ಎರಡು ಸಲ ನೋಡುವ ಮನುಷ್ಯ. ಸೊಂಟದಲ್ಲಿ ಅವರದೇ ಒಂದು ಅಮೆರಿಕದ ನಲವತ್ತೈದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಮ್ಮವರೆಲ್ಲ ಕೆಲಸ ಬಿಟ್ಟು ಅದನ್ನೇ ನೋಡಿದರು. ನಾನೂ ನೋಡಿದೆ, ಸುಳ್ಳೇಕೆ ಹೇಳಲಿ.

ಅವರು ಮಾಡಿಟ್ಟಿದ್ದ ಇಪ್ಪತ್ತು ಪಿಸ್ತೂಲಿನಲ್ಲಿ ಐದನ್ನು ಆರಿಸಿಕೊಂಡರು. ನಮ್ಮನ್ನೂ ಕರೆದುಕೊಂಡು ಹಿಂದಿನ ಕಲ್ಲುಗಣಿಗೆ ಹೋಗಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಗುಂಡು ಹಾರಿಸಿದರು. ಒಂದನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಹಾರಿಸಿದರು. ಇನ್ನೊಂದನ್ನು ಮರಳಿನಲ್ಲಿ ಹೂತು, ಬೂಟಿನಿಂದ ತುಳಿದು, ತೆಗೆದು ಒಮ್ಮೆ ಕೊಡವಿ ಹಾರಿಸಿದರು. ಒಂದೂ ಕೈಕೊಡಲಿಲ್ಲ. ನಮ್ಮದು ಒಡವೆಯಷ್ಟು ಬಿಗಿಯಾಗಿ ಕೂತಿರುವುದಿಲ್ಲ. ಒಳಗೆ ಸ್ವಲ್ಪ ಸಡಿಲ ಇರುತ್ತದೆ, ಮರಳು ಬಂದರೆ ಬಂದ ದಾರಿಯಲ್ಲೇ ಹೋಗುತ್ತದೆ. ನನ್ನ ನಾಲಿಗೆ ಸುಮ್ಮನಿರಬೇಕಲ್ಲ.

"ಸರ್, ನಿಮ್ದನ್ನೂ ಒಂದ್ಸಲ ಮರಳಲ್ಲಿ ಹಾಕಿ ನೋಡ್ಬಾರ್ದಾ?" ಎಂದೆ.

ನೊಂಗ್ ತಿಕ್ಯೊ ನನ್ನ ಕಾಲು ತುಳಿದರು. ಸಾರ್ಜೆಂಟ್ ತಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ನನ್ದು ಮರಳಲ್ಲಿ ಹಾಕಲ್ಲಮ್ಮ. ಎಷ್ಟು ಕೊಟ್ಟಿದೀನಿ ಗೊತ್ತಾ ಅದಕ್ಕೆ?"

"ಅದಕ್ಕೇ ಸರ್ ಜನ ನಮ್ದನ್ನ ತಗೊಳ್ಳೋದು. ನಿಮ್ದನ್ನ ನೀವು ಕಾಯ್ಬೇಕು. ನಮ್ದು ನಿಮ್ಮನ್ನ ಕಾಯತ್ತೆ."

ಅವರು ನಗಲಿಲ್ಲ, ಆದರೆ ಮೀಸೆ ಸ್ವಲ್ಪ ಅಲುಗಿತು. ಆಮೇಲೆ ನಿಜ ಹೇಳಿದರು. ತಮ್ಮ ಕಾವಲುಗಾರರು ಗೋದಾಮಿನ ಮುಂದೆ ಮಳೆಯಲ್ಲಿ ಬೆವರಿನಲ್ಲಿ ನಿಲ್ಲುವವರು, ಪಿಸ್ತೂಲಿನ ಮೇಲೆಯೇ ಮಲಗುವವರು. ಅಂಥವರ ಕೈಗೆ ದುಬಾರಿಯದನ್ನು ಕೊಟ್ಟರೆ ಅದಕ್ಕೆ ಪೆಟ್ಟಾದೀತೆಂದು ಹೆದರಿ ಡಬ್ಬಿಯಲ್ಲಿಟ್ಟು ಬೀಗ ಹಾಕುತ್ತಾರೆ. ಹಳೆಯ ಆಕಾರ ಎಲ್ಲರಿಗೂ ಪರಿಚಯ, ತುಂಡು ಸವೆದರೆ ಯಾವ ಊರಿನಲ್ಲೂ ಸಿಗುತ್ತದೆ, ಕೈಗೆ ಒಗ್ಗದಿದ್ದರೆ ಯಾರಾದರೂ ಉಜ್ಜಿ ಕೊಡುತ್ತಾರೆ. ತಮಗೆ ಬೇಕಾಗಿರುವುದು ಇಂಥದೇ ಎಂದರು. ನನಗೆ ಅವರ ಮೇಲೆ ಪ್ರೀತಿ ಬಂತು. ಅವತ್ತಿನವರೆಗೆ ನಮ್ಮ ಮಾಲನ್ನು ಕೊಂಡವರು ಅಗ್ಗ ಎಂದು ಕೊಂಡಿದ್ದರೇ ಹೊರತು ಅಗ್ಗವಾದದ್ದರಲ್ಲಿ ಒಂದು ಧೈರ್ಯವಿದೆ ಎಂದು ಯಾರೂ ಹೇಳಿರಲಿಲ್ಲ.

ಕಾರ್ಖಾನೆಗೆ ಮರಳಿದ ಮೇಲೆ ಅವರು ಐದನ್ನೂ ಬಿಚ್ಚಿ ಒರೆಸಿ ನೋಡಲು ಕುಳಿತರು. ನೊಂಗ್ ತಿಕ್ಯೊ ಕೋಕ್ ತರಿಸಿದರು, ಹುರಿದ ಹಂದಿಮಾಂಸವನ್ನೂ ತೆಂಗಿನ ಗರಿಯಲ್ಲಿ ಬೇಯಿಸಿದ ಅನ್ನವನ್ನೂ ತರಿಸಿದರು. ನಾಲ್ಕು ಪಿಸ್ತೂಲು ಮುಗಿಯಿತು. ಸಾರ್ಜೆಂಟ್ ಐದನೆಯದರ ಹಿಡಿಯ ಹಲಗೆ ಬಿಚ್ಚಿದರು. ಜೇಬಿನಿಂದ ಭೂತಗನ್ನಡಿ ತೆಗೆದರು. ನನಗೆ ಅಲ್ಲಿಂದಲೇ ಗೊತ್ತಾಯಿತು.

ಕಚ್ಚು. ಅಕ್ಕಿಕಾಳಿನಷ್ಟು. ಎಡಕ್ಕೆ ವಾಲಿತ್ತು.

ತೆರೊನ ಮುಖ ನೋಡಿದೆ. ಅವನೂ ಅದನ್ನು ಆಗಲೇ ಮೊದಲ ಸಲ ನೋಡುತ್ತಿದ್ದಾನೆ ಎಂಬುದು ಸ್ಪಷ್ಟವಾಗಿತ್ತು. ಎರಡು ವಾರದ ಹಿಂದೆ ಬಾದೊಂಗ್ ಗೇಟಿನವರೆಗೂ ಬಂದು, ಎಲ್ಲರಿಗೂ ಕೇಳುವ ಹಾಗೆ ಅವನ ಹೆಸರು ಹಿಡಿದು ಕರೆದಿದ್ದ. ತೆರೊ ತಲೆಯೆತ್ತಲಿಲ್ಲ, ಹಲ್ಲು ಕಚ್ಚಿಕೊಂಡು ಉಜ್ಜುತ್ತಲೇ ಇದ್ದ. ಸದ್ಯ ಹೋಗಲಿಲ್ಲವಲ್ಲ ಎಂದು ನಾನು ಸಮಾಧಾನಪಟ್ಟಿದ್ದೆ. ಅವನ ಮನಸ್ಸು ಗೇಟಿನ ಕಡೆ ಇದ್ದಾಗ ಅವನ ಕೈ ಅಪ್ಪ ಹೇಳಿಕೊಟ್ಟದ್ದನ್ನು ಮಾಡಿ ಮುಗಿಸಿತ್ತು. ನನಗೆ ಮರೆಯಲು ಒಂದು ವರ್ಷ ಬೇಕಾಗಿತ್ತು, ಅವನು ಬಂದು ನಾಲ್ಕೇ ತಿಂಗಳು.

ನೊಂಗ್ ತಿಕ್ಯೊ ರಿಜಿಸ್ಟರು ತಂದರು. ನಂಬರು ಸರಿಯಾಗಿತ್ತು, ಪಿಸ್ತೂಲು ನಮ್ಮದೇ, ಬೆಟ್ಟದಿಂದ ಬಂದದ್ದಲ್ಲ. ಆದರೆ ಯಾರು ಉಜ್ಜಿದ್ದು ಎಂದು ರಿಜಿಸ್ಟರಿನಲ್ಲಿ ಬರೆಯುವುದಿಲ್ಲ. ಸಾರ್ಜೆಂಟ್ ಭೂತಗನ್ನಡಿ ಕೆಳಗಿಟ್ಟು ಎಲ್ಲರನ್ನೂ ಒಮ್ಮೆ ನೋಡಿದರು. ದನಿ ಏರಿಸಲಿಲ್ಲ. ನಾಳೆ ಬೆಟ್ಟದ ಪಿಸ್ತೂಲಿನಿಂದ ಎಲ್ಲೋ ಒಂದು ಹೆಣ ಬಿದ್ದರೆ, ಪೊಲೀಸರು ಇದೇ ಕಚ್ಚು ಇರುವ ತನ್ನ ಕಾವಲುಗಾರನ ಸೊಂಟಕ್ಕೇ ಕೈ ಹಾಕುತ್ತಾರೆ, ಕಟ್ಟಳೆ ಗೊತ್ತಿದ್ದೂ ಹೀಗೆ ಮಾಡಿದವರು ಈ ಕಾರ್ಖಾನೆಯಲ್ಲಿದ್ದರೆ ತಾನು ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದರು.

"ಇದು ಎಡಗೈ ಕೆಲಸ. ಇಲ್ಲಿ ಎಡಚರು ಯಾರು?" ಎಂದು ಕೇಳಿದರು.

ಯಾರೂ ಹೇಳಬೇಕಾಗಿರಲಿಲ್ಲ. ಎಲ್ಲರ ಕಣ್ಣೂ ಏಳನೆಯ ವೈಸಿನ ಕಡೆ ತಿರುಗಿತು. ತೆರೊ ಅರವನ್ನು ಬೆಂಚಿನ ಮೇಲಿಟ್ಟ. ಅವನು ಎದೆಯುಬ್ಬಿಸಿ ಉಸಿರೆಳೆದುಕೊಂಡ ರೀತಿ ನನಗೆ ಗೊತ್ತಿತ್ತು. ಆರು ವರ್ಷದ ಹಿಂದೆ ಊಟದ ಮೇಜಿನ ಮುಂದೆ ಹೀಗೆಯೇ ಉಸಿರೆಳೆದುಕೊಂಡಿದ್ದ.

ಈ ಸಲ ನಾನು ತಡಮಾಡಲಿಲ್ಲ.

"ನನ್ದು ಸರ್. ನಾನು ಹಾಕಿದ್ದು."

ತೆರೊ ತಿರುಗಿದ. "ನಾಂಗ್, ಸುಮ್ನಿರು."

"ನೀನು ಸುಮ್ನಿರೋ ದೊಂಗ್. ದೊಡ್ಡೋರು ಮಾತಾಡ್ತಿದ್ದಾಗ ಮಧ್ಯೆ ಬಾಯಿ ಹಾಕ್ಬೇಡ." ದೊಂಗ್ ಎಂದರೆ ತಮ್ಮಾ ಎಂದ ಹಾಗೆ. ಅವನು ಎಷ್ಟು ಎತ್ತರ ಬೆಳೆದರೂ ನನಗೆ ಅವನು ದೊಂಗ್.

ಸಾರ್ಜೆಂಟ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಎಲ್ಲವನ್ನೂ ಎರಡು ಸಲ ನೋಡುವವರು ಎಂದೆನಲ್ಲ. ಬೆಳಿಗ್ಗೆ ಗುಂಡಿನ ಲೆಕ್ಕದ ಕಾಗದಕ್ಕೆ ನಾನು ಬಲಗೈಯಲ್ಲಿ ಸಹಿ ಹಾಕಿದ್ದನ್ನು, ಈಗ ತಾನೇ ಕೋಕ್ ಬಾಟಲಿಯನ್ನು ಬಲಗೈಯಲ್ಲಿ ಹಿಡಿದದ್ದನ್ನು ನೆನಪಿಟ್ಟುಕೊಂಡಿದ್ದರು. ನೀನು ಬಲಗೈಯವಳು, ತಮ್ಮನನ್ನು ಉಳಿಸಲು ನೋಡುತ್ತಿದ್ದೀಯ ಎಂದು ನೇರವಾಗಿಯೇ ಹೇಳಿದರು. ಆರು ವರ್ಷದ ಹಿಂದೆ ಇಂಥ ಒಬ್ಬ ಮನುಷ್ಯ ಕೋರ್ಟಿನಲ್ಲಿ ಕೂತಿದ್ದರೆ ನಾನು ಜೈಲಿನಲ್ಲಿರುತ್ತಿದ್ದೆ ಎಂದು ಯೋಚನೆ ಬಂತು.

ಆರು ವರ್ಷ ಏಳನೆಯ ವೈಸಿನಲ್ಲಿ ನಿಂತು ಎಡಗೈಯಲ್ಲೇ ಕೆಲಸ ಮಾಡಿದವಳು ನಾನು, ಬೇಕಾದರೆ ಯಾರನ್ನಾದರೂ ಕೇಳಿ ಎಂದೆ. ನೊಂಗ್ ತಿಕ್ಯೊ ಹೌದೆಂದು ತಲೆಯಾಡಿಸಿದರು. ಸಾರ್ಜೆಂಟ್ ಒಪ್ಪಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ರದ್ದಿ ತುಂಡೊಂದನ್ನು ಎತ್ತಿ ನನ್ನ ಕೈಗಿಟ್ಟು, ಹಾಕಿ ತೋರಿಸು ಎಂದರು.

ನಾನು ಏಳನೆಯ ವೈಸಿನ ಬಳಿ ಹೋದೆ. ತೆರೊ ದಾರಿ ಬಿಡದೆ ನಿಂತಿದ್ದ. ಭುಜದಿಂದ ಅವನನ್ನು ಪಕ್ಕಕ್ಕೆ ತಳ್ಳಿದೆ. ತುಂಡನ್ನು ಬಿಗಿದು, ಅವನ ಅರವನ್ನೇ ಎಡಗೈಗೆ ತೆಗೆದುಕೊಂಡೆ. ಆರು ವರ್ಷದಲ್ಲಿ ಆ ಕೈಯಿಂದ ಎಲ್ಲ ಮಾಡಿದ್ದೆ, ಕಚ್ಚೊಂದನ್ನು ಮಾತ್ರ ಒಮ್ಮೆಯೂ ಹಾಕಿರಲಿಲ್ಲ. ಬರುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಗೋಡೆಯ ಮೇಲಿನ ಬಾಲ ಯೇಸುವಿಗೆ, ಆಣೆ ನೆನಪಿದೆಯಲ್ಲಪ್ಪಾ, ಈಗ ನೀನೂ ಸ್ವಲ್ಪ ಕೈ ಹಿಡಿ ಎಂದು ಮನಸ್ಸಿನಲ್ಲೇ ಗದರಿದೆ. ಅಪ್ಪ ಹೇಳಿಕೊಟ್ಟ ಹಾಗೆ ಉಸಿರು ಹಿಡಿದೆ. ಮೂರು ಸಲ ಎಳೆದೆ. ಊದಿದೆ.

ಸಾರ್ಜೆಂಟ್ ಎರಡು ತುಂಡುಗಳನ್ನೂ ಅಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದರು. ಒಂದು ಸಲ. ಆಮೇಲೆ ಇನ್ನೊಂದು ಸಲ. ಹೊರಗೆ ಹೆದ್ದಾರಿಯಲ್ಲಿ ಜನ ತುಂಬಿದ ಬಾಡಿಗೆ ಜೀಪ್ನಿಯೊಂದು ಹಾರ್ನ್ ಹೊಡೆಯುತ್ತ ಹೋಯಿತು. ಅವರು ನನ್ನ ಕೈ ನೋಡಿದರು, ತೆರೊನ ಕೈ ನೋಡಿದರು.

"ಇಬ್ರಿಗೂ ಕಲಿಸಿದ್ದು ಒಬ್ರೇನಾ?"

"ನಮ್ಮಪ್ಪ ಸರ್."

"ಎರಡೂ ಒಂದೇ ಥರ ಇದೆ," ಎಂದು ಹೇಳಿ ಭೂತಗನ್ನಡಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ನಂಬಿದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕಟ್ಟಳೆ ಎಂದರೆ ಕಟ್ಟಳೆ ಎಂದು ನೊಂಗ್ ತಿಕ್ಯೊ ಕಡೆ ತಿರುಗಿದರು. ನೊಂಗ್ ತಿಕ್ಯೊ ಅವರ ಬೋಳುತಲೆ ಬೆವೆತಿತ್ತು. ನನ್ನ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದು ಹಾಕುವಾಗ ಅವರ ಪೆನ್ನು ಎರಡು ಸಲ ನಿಂತಿತು. ಆಮೇಲೆಯೇ ಸಾರ್ಜೆಂಟ್ ನೂರ ಇಪ್ಪತ್ತರ ಕಾಗದಕ್ಕೆ ಸಹಿ ಹಾಕಿದ್ದು. ನಾನು ನನ್ನ ಪಾಲಿನ ಹಂದಿಮಾಂಸವನ್ನು ಕಾಗದದಲ್ಲಿ ಕಟ್ಟಿಕೊಂಡೆ. ದುಡಿದದ್ದು, ಬಿಟ್ಟು ಹೋಗಲು ನಾನೇನು ಹುಚ್ಚಿಯೇ?

ಸಂಜೆ ತೆರೊ ಮನೆಗೆ ಬಂದಾಗ ಅವನ ಮುಖ ಕೆಂಡವಾಗಿತ್ತು. ಲಿರಿಯೊಳನ್ನು ಪಕ್ಕದ ಮನೆಗೆ ಕಳಿಸಿದೆ. ಅವನು ಕೂರಲಿಲ್ಲ. ನಾಳೆಯೇ ಹೋಗಿ ನಿಜ ಹೇಳುತ್ತೇನೆ ಎಂದ. ಹೇಳು, ಆಗ ಇಬ್ಬರೂ ಮನೆಯಲ್ಲಿ ಕೂರೋಣ, ಆರ್ಡರೂ ಹೋಗಲಿ, ಏಳು ವೈಸಿನವರೂ ನಮಗೆ ಶಾಪ ಹಾಕಲಿ ಎಂದೆ. ಅವನು ಗೋಡೆಗೆ ಒಂದು ಗುದ್ದು ಗುದ್ದಿದ.

"ನಾನು ಒಳಗೆ ಯಾಕಿದ್ದೆ ಗೊತ್ತಾ ನಾಂಗ್? ನೀನು ಹೊರಗಿರ್ಲಿ ಅಂತ. ನೀನೀಗ ಅದನ್ನೆಲ್ಲ ನೀರಿಗೆ ಹಾಕ್ಬಿಟ್ಟೆ."

ಆರು ವರ್ಷದಲ್ಲಿ ನಾವಿಬ್ಬರೂ ಆ ವಿಷಯ ಎತ್ತಿರಲಿಲ್ಲ. ಭೇಟಿಗೆ ಹೋದಾಗಲೆಲ್ಲ ಒಣಮೀನು ಕೊಟ್ಟು, ಹುಂಜದ ಸುದ್ದಿ ಹೇಳಿ ಬರುತ್ತಿದ್ದೆ. ಈಗ ಹೇಳಿದೆ.

"ಆ ಕಚ್ಚು ಬಲಕ್ಕೆ ವಾಲಿತ್ತು ದೊಂಗ್. ನಂಗೆ ಗೊತ್ತಿತ್ತು. ನೀನು ಎದ್ದು ನಿಂತಾಗ ನಾನು ಬಾಯಿ ಬಿಡ್ಬಹುದಿತ್ತು. ಬಿಡ್ಲಿಲ್ಲ. ಹೆದರ್ಕೊಂಡೆ. ಮಗು ನೆಪ."

ಅವನು ಗೋಡೆಯ ಮೇಲಿದ್ದ ಮುಷ್ಟಿಯನ್ನು ಕೆಳಗಿಳಿಸಿದ.

"ನಾನು ಬೆಂಚು ಬಿಟ್ರೂ ಎರಡು ಹೊತ್ತು ಉಣ್ತೀನಿ. ನೀನು ಬೆಂಚು ಬಿಟ್ರೆ ಬಾದೊಂಗ್ ಬರ್ತಾನೆ. ಅವತ್ತು ನಿನ್ ಸರದಿ, ಇವತ್ತು ನನ್ ಸರದಿ. ಬೆಳಿಗ್ಗೆ ಏಳು ಗಂಟೆಗೆ ಆ ವೈಸ್ ಮುಂದೆ ಇರ್ಬೇಕು ನೀನು. ಇಲ್ಲಾಂದ್ರೆ ಕಿವಿ ಹಿಂಡಿ ಎಳ್ಕೊಂಡು ಹೋಗ್ತೀನಿ, ಊರೆಲ್ಲ ನೋಡ್ಲಿ."

ಅವನು ಅಲ್ಲಿಯೇ ನೆಲದ ಮೇಲೆ ಕುಸಿದು ಕೂತ. ಅತ್ತ. ನಾನೂ ಅತ್ತೆ. ಆಮೇಲೆ ಹಂದಿಮಾಂಸ ಬಿಸಿ ಮಾಡಿ ಇಬ್ಬರೂ ಉಂಡೆವು. ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಅವನು ಹೊರಟ. ತಿರುವಿನವರೆಗೆ ಬೆನ್ನು ನೋಡುತ್ತ ನಿಂತಿದ್ದೆ.

ಅರ ಹಿಡಿಯುವ ಕೈ ಸುಮ್ಮನಿರುವುದಿಲ್ಲ. ಮಾರ್ಕೆಟ್ಟಿನಲ್ಲಿ ಮೀನಿನ ಸಾಲಿನ ಕೊನೆಯಲ್ಲಿ ಒಂದು ಮೂಲೆ ಹಿಡಿದು ತುರಿಮಣೆ ಮಾಡಲು ಕೂತೆ. ನಮ್ಮಲ್ಲಿ ತೆಂಗಿನಕಾಯಿ ತುರಿಯದ ಮನೆಯಿಲ್ಲ. ಅಂಗಡಿಯಲ್ಲಿ ಚೀನಾದ ಮೆಷಿನ್ನು ಬಂದಿದೆ, ನೋಡಲು ಚೆನ್ನಾಗಿದೆ, ಮೂರು ತಿಂಗಳಿಗೆ ಹಲ್ಲು ಬೋಳು. ನನ್ನದು ಹಳೆಯ ಆಕಾರ, ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕಡಿದದ್ದು. ಹಲ್ಲು ಒಂದೊಂದನ್ನೂ ಕೈಯಲ್ಲೇ ಉಜ್ಜಿದ್ದು. ಬೆಲೆ ಅರ್ಧಕ್ಕಿಂತ ಕಡಿಮೆ. ಹೆಂಗಸರು ಮೊದಲು ಮೂಗು ಮುರಿದರು, ಆಮೇಲೆ ಅತ್ತಿಗೆಯನ್ನೂ ನಾದಿನಿಯನ್ನೂ ಕರೆದುಕೊಂಡು ಬಂದರು. ಆ ಜನರನ್ನು ಕಂಡರೆ ನನಗೆ ಮೈ ಉರಿಯಲಿಲ್ಲ.

ಮೊದಲ ತುರಿಮಣೆ ಮುಗಿಸಿದ ದಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಕಚ್ಚು ಕಂಡಿತು. ಯಾವಾಗ ಹಾಕಿದೆನೋ ನನಗೇ ತಿಳಿಯಲಿಲ್ಲ. ಕಾರ್ಖಾನೆಯ ಕಟ್ಟಳೆ ಇಲ್ಲದ ಕಡೆ ಬಂದ ಕೂಡಲೇ ಕೈಗೆ ಅಪ್ಪನ ನೆನಪಾಗಿತ್ತು. ಉಜ್ಜಿ ತೆಗೆಯೋಣವೆಂದುಕೊಂಡೆ, ತೆಗೆಯಲಿಲ್ಲ. ಇಲ್ಲಿ ಅದನ್ನು ನೋಡಿ ಯಾರನ್ನೂ ಹಿಡಿಯುವುದಿಲ್ಲ. ಇದೇಕೆ ಎಂದು ಕೊಂಡವಳು ಕೇಳಿದಳು. ಇದಿಲ್ಲದಿದ್ದರೆ ಅಸಲಿ ಅಲ್ಲ ಎಂದೆ. ತಿಂಗಳೊಳಗೆ ಎದುರಿನ ಅಂಗಡಿಯವನ ತುರಿಮಣೆಯಲ್ಲೂ ಕಚ್ಚು ಕಾಣಿಸಿಕೊಂಡಿತು. ಏಕೆಂದು ಅವನಿಗೂ ಗೊತ್ತಿಲ್ಲ.

ತೆರೊನ ಆರು ತಿಂಗಳು ಮುಗಿದ ದಿನ ಶನಿವಾರ. ಮಧ್ಯಾಹ್ನ ಅವನು ನೇರ ಮಾರ್ಕೆಟ್ಟಿಗೆ ಬಂದ. ಜೇಬಿನಿಂದ ಮಡಿಸಿದ ಕಾಗದ ತೆಗೆದು ನನ್ನ ಮುಂದಿಟ್ಟ. ಅವನ ಅನುಮತಿ ಖಾಯಂ ಆಗಿತ್ತು, ಕೆಳಗೆ ಪೊಲೀಸ್ ಕಚೇರಿಯ ಮೊಹರಿತ್ತು. ಕೈಗೆ ಮೀನಿನ ವಾಸನೆಯಿದೆ ಎಂದು ನಾನು ಅದನ್ನು ಮುಟ್ಟದೆ ಎರಡು ಸಲ ಓದಿದೆ. ಬಾದೊಂಗ್ ಈಗ ಬೇರೆ ಬೀದಿಗಳಲ್ಲಿ ಓಡಾಡುತ್ತಿದ್ದಾನಂತೆ.

ಅವನು ಒಂದು ತುರಿಮಣೆ ಎತ್ತಿಕೊಂಡು ಹಲ್ಲಿನ ಮೇಲೆ ಬೆರಳಾಡಿಸಿದ. ಪರವಾಗಿಲ್ಲ ಎಂದ, ಅವನ ಬಾಯಿಂದ ಅದು ದೊಡ್ಡ ಮಾತು. ಆಮೇಲೆ ಅದನ್ನು ತಿರುವಿ ಹಾಕಿದ. ಅವನ ಹೆಬ್ಬೆರಳು ಬುಡದಲ್ಲಿ ನಿಂತಿತು.

"ನಾಂಗ್, ಇದು ಎಡಕ್ಕೆ ವಾಲಿದೆ."

"ಇಲ್ಲಿ ಗೋಡೆ ಇಲ್ಲ, ಬಲಗೈಲೇ ಉಜ್ಜಬಹುದಿತ್ತು," ಎಂದೆ. "ಅಭ್ಯಾಸ ಆಗೋಗಿದೆ ಕಣೋ. ಇನ್ನು ಬಿಡಲ್ಲ."

ಅವನು ತುರಿಮಣೆಯನ್ನು ಕೆಳಗಿಡಲಿಲ್ಲ. ಮನೆಗೆ ಬೇಕು ಎಂದು ಬೆಲೆ ಕೇಳಿದ. ತಮ್ಮನೆಂದು ಕಡಿಮೆ ಮಾಡುವುದಿಲ್ಲ ಎಂದೆ. ಅವನು ಪೂರ್ತಿ ದುಡ್ಡು ಕೊಟ್ಟು, ಅದನ್ನು ಎಡಗೈಯಲ್ಲಿ ಹಿಡಿದುಕೊಂಡು ಮನೆಯ ಕಡೆ ಹೋದ.